ಕಂಪ್ಯೂಟರಿನ ಪಂಪಿಗೆ ಗಿರಾಕಿ ಹುಡುಕಿದ್ದು

ನನ್ನ ಹೆಂಡತಿಯ ತಮ್ಮ ಒಂದು ಪಂಪು ಮಾಡಿದ. ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅದರಿಂದ ನಮ್ಮ ಎರಡು ಮನೆಗಳಲ್ಲಿ ಎದ್ದ ಗದ್ದಲ ಮಾತ್ರ ಹೊಲಕ್ಕೆ ನೀರುಣಿಸುವ ದೊಡ್ಡ ಎಂಜಿನ್ನಿನದು.

ಮೊದಲು ಪಂಪಿನ ಪರಿಚಯ ಆಗಬೇಕು, ಮನುಷ್ಯರದು ಆಮೇಲೆ. ಕೆಲವು ಕಂಪ್ಯೂಟರುಗಳು ಭಾರೀ ದುಡಿಯುವಂಥವು: ಪರದೆಯ ಮೇಲೆ ಗೊಂಬೆ ಕುಣಿಸುವವು, ಹುಡುಗರು ಊಟ ಬಿಟ್ಟು ಕುಳಿತು ಯುದ್ಧದ ಆಟ ಆಡುವವು. ಅವು ವಿಪರೀತ ಬಿಸಿಯಾಗುತ್ತವೆ. ಒಳಗಿನ ಫ್ಯಾನಿನ ಗಾಳಿ ಅವಕ್ಕೆ ಏನೇನೂ ಸಾಲದು. ಅದಕ್ಕಾಗಿ ಅವುಗಳ ಮಿದುಳಿನ ಮೇಲೆ ತಾಮ್ರದ ಒಂದು ಬಿಲ್ಲೆ ಕೂಡಿಸಿ, ಬಿಲ್ಲೆಯೊಳಗೆ ನೀರು ಹರಿಸಿ, ಬಿಸಿಯಾದ ಆ ನೀರನ್ನು ಪುಟ್ಟ ರೇಡಿಯೇಟರಿಗೆ ಒಯ್ದು ತಣಿಸಿ ಮತ್ತೆ ಬಿಲ್ಲೆಗೆ ತರಬೇಕು. ಜ್ವರ ಬಂದವರ ಹಣೆಗೆ ತಣ್ಣೀರ ಪಟ್ಟಿ ಹಾಕುತ್ತಾರಲ್ಲ, ಹಾಗೆ. ಪಟ್ಟಿ ಬದಲಿಸುವ ದಾದಿಯ ಕೆಲಸ ಪಂಪಿನದು. ಸದ್ದು ಮಾಡಬಾರದು, ಸುಸ್ತಾಗಬಾರದು, ಸೋರಬಾರದು. ಒಂದು ಹನಿ ಸೋರಿದರೂ ರೋಗಿ ಅಲ್ಲೇ ಖಲಾಸ್.

ಇಂಥ ಪಂಪು ಮಾಡಿದ ಮಹಾಶಯನ ಕಸುಬು ಬೇರೆಯದೇ ಆಗಿತ್ತು. ಬಾಗಲಕೋಟೆ ಕಡೆಯಿಂದ ಡಿಪ್ಲೊಮಾ ಹಿಡಿದುಕೊಂಡು ಹೋಗಿ ಔರಂಗಾಬಾದಿನ ಹೊರಗಿನ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ ಒಂದು ತಗಡಿನ ಶೆಡ್ ಹಾಕಿದವನು ಅವನು. ಆ ಊರಿನ ಹೆಸರು ಈಗ ಛತ್ರಪತಿ ಸಂಭಾಜಿನಗರ. ಆಗ ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದಿತ್ತು. ಬೇಸಿಗೆಯಲ್ಲಿ ಆ ಸೀಮೆಯ ಪ್ರತಿ ಕಿಟಕಿಯಲ್ಲೂ ಒಂದು ತಗಡಿನ ಕೂಲರ್ ಕುಳಿತು ಗುರ್ ಎನ್ನುತ್ತಿರುತ್ತದೆ. ಅದರ ಹುಲ್ಲಿನ ಪರದೆಗೆ ನೀರೆತ್ತುವ ಅಗ್ಗದ ಪಂಪನ್ನು ನನ್ನ ಮೈದುನ ಮಾಡುತ್ತಿದ್ದ. ಎಲ್ಲವನ್ನೂ ಒಬ್ಬರೇ ಕೊಳ್ಳುತ್ತಿದ್ದರು, ಜಾಲನಾದಲ್ಲಿ ಕೂಲರ್ ತಯಾರಿಸುವ ಒಬ್ಬ ಶೇಟ್‌ಜಿ. ಪ್ರತಿ ವರ್ಷ ಸಂಕ್ರಾಂತಿಗೆ ಇವನು ಅವರ ಮನೆಗೆ ಹೋಗಬೇಕು, ಅವರು ಈ ಬೇಸಿಗೆಗೆ ಇಷ್ಟು ಪಂಪು ಎನ್ನಬೇಕು, ಇವನು ಹೂಂ ಎನ್ನಬೇಕು. ಕಾಗದವಿಲ್ಲ, ಸಹಿಯಿಲ್ಲ. ಆ ಒಂದು ಹೂಂನ ಮೇಲೆ ಅವನ ಮನೆ, ಮಗಳ ಕಾಲೇಜು, ಶೆಡ್ಡಿನಲ್ಲಿ ಪಂಪಿನ ಮೋಟರಿಗೆ ತಂತಿ ಸುತ್ತುವ ಹೆಂಗಸರ ಸಂಬಳ ಎಲ್ಲವೂ ನಿಂತಿದ್ದವು.

ಈ ಸಲ ಅವನು ಹೂಂ ಅನ್ನುವುದಿಲ್ಲವಂತೆ.

ದೀಪಾವಳಿಗೆ ನಾಶಿಕದ ನಮ್ಮ ಮನೆಗೆ ಬಂದಾಗ ಹೇಳಿದ. ಊಟದ ತಟ್ಟೆಯ ಪಕ್ಕದಲ್ಲಿ ಹೊಸ ಪಂಪನ್ನು ಬಾಳೆಯೆಲೆಗೆ ಉಪ್ಪು ಬಡಿಸಿದಷ್ಟು ಭಕ್ತಿಯಿಂದ ಇಟ್ಟುಕೊಂಡಿದ್ದ.

"ಮಾಮಾ, ಇನ್ನ ಕೂಲರ್ ಮುಗೀತು. ಜಗತ್ತು ಕಂಪ್ಯೂಟರಿನ ಕಡೆ ಹೋಗೇದ. ಇದು ಹೊರದೇಶದ ಪಂಪಿನ ಸರೀಕ ಓಡ್ತದ. ಒಂದ ಶೆಡ್ಡಿನಾಗ ಎರಡೂ ಮಾಡಾಕ ಜಾಗಾನೂ ಇಲ್ಲ, ಮಂದೀನೂ ಇಲ್ಲ. ಸಂಕ್ರಾಂತಿಗೆ ಜಾಲನಾಕ್ಕ ಹೋಗಿ ಕೈ ಮುಗಿದು ಬಂದ್ಬಿಡ್ತೀನಿ."

ನನ್ನ ಹೆಂಡತಿ ಬಡಿಸುವ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು. "ಒಮ್ಮೆ ಒಲ್ಲೆ ಅಂದ್ರ ಆ ಶೇಟ್‌ಜಿ ಮುಂದಿನ ವರ್ಷ ನಿನ್ನ ಕರೀತಾನೇನೋ?"

"ಯಾಕ ಕರೀತಾನ? ಗುಜರಾತಿನ ಮಂದಿ ಬಾಗಿಲಾಗ ನಿಂತಾರ."

"ಮತ್ತ ಇದನ್ನ ಯಾರು ತಗೋತಾರ?"

"ಅಕ್ಕಾ, ಎಲ್ಲಾರೂ!"

'ಎಲ್ಲರೂ' ಎಂಬ ಗಿರಾಕಿಯ ವಿಳಾಸ ನನ್ನ ಹೆಂಡತಿಗೆ ಬೇಕಾಗಿತ್ತು. ನಾಶಿಕ ಏನು ಸಣ್ಣ ಊರಲ್ಲ. ಇಲ್ಲಿ ಬೇಡಿಕೆ ಇದೆಯೋ ಇಲ್ಲವೋ ನೋಡಿ ಹೇಳುವ ತನಕ ಜಾಲನಾದಲ್ಲಿ ಬಾಯಿ ಬಿಡಕೂಡದು ಎಂದು ಅವಳು ತಮ್ಮನಿಂದ ಮಾತು ತಗೊಂಡಳು. ನೋಡಿ ಹೇಳುವವರು ಯಾರು? ಮನೆಯಲ್ಲಿ ಪಿಂಚಣಿ ತಗೊಂಡು ಬೆಳಗಿನ ಪೇಪರನ್ನು ಸಂಜೆಯವರೆಗೆ ಓದುವವನು ಒಬ್ಬನೇ ಇದ್ದ. ಹೀಗೆ ನಾನು ಮಾರುಕಟ್ಟೆ ಸಮೀಕ್ಷಾ ಸಮಿತಿಯ ಅಧ್ಯಕ್ಷನಾದೆ. ಚುನಾವಣೆ ಅವಿರೋಧವಾಗಿ ನಡೆಯಿತು.

ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿ ಸೇವೆ ಮುಗಿಸಿದವನು ನಾನು. ನನ್ನ ಮುಂದೆ ಬಂದ ವಸ್ತು ಸರಿ ಇದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ನಡುವಿನ ಬಣ್ಣವನ್ನು ನಾನು ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲೂ ಒಪ್ಪಿದವನಲ್ಲ. ಸಮಿತಿಗೆ ಒಬ್ಬ ಸದಸ್ಯನೂ ಬೇಕಾಗಿದ್ದ. ಪಕ್ಕದ ಮನೆಯ ಗದಗಿನ ಗೆಳೆಯ ಅದೇ ಕಾರ್ಖಾನೆಯ ಹೈಡ್ರಾಲಿಕ್ಸ್ ವಿಭಾಗದವನು, ನೀರು ಎಣ್ಣೆ ಕೊಳವೆಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಪಂಪು ಕಂಡದ್ದೇ ತಡ, ಅವನ ಮುಖದ ಮೇಲೆ ಮೊಮ್ಮಗ ಹುಟ್ಟಿದಾಗಲೂ ಕಾಣದ ಕಳೆ ಬಂತು.

"ಇದರ ಪ್ರೆಷರ್ ಎಷ್ಟಂತ?"

"ಕಾಗದದಾಗ ಬರದಾನ."

"ಕಾಗದ ಯಾರ ಬೇಕಾದವರು ಬರೀತಾರ. ಬಚ್ಚಲದಾಗ ನಡೀರಿ."

ಆಮೇಲೆ ಸುಮಾರು ದಿನ ನಮ್ಮ ಬಚ್ಚಲುಮನೆ ನಮ್ಮದಾಗಿ ಉಳಿಯಲಿಲ್ಲ. ಬಕೆಟ್ಟಿನಿಂದ ಗೀಸರಿನ ಎತ್ತರಕ್ಕೆ ಪಾರದರ್ಶಕ ಕೊಳವೆ ಏರಿತು. ಪಂಪನ್ನು ನಿಲ್ಲಿಸಿ ಓಡಿಸಿದೆವು, ಮಲಗಿಸಿ ಓಡಿಸಿದೆವು, ತಲೆಕೆಳಗಾಗಿ ಓಡಿಸಿದೆವು. ಕಂಪ್ಯೂಟರನ್ನು ಯಾರಾದರೂ ತಲೆಕೆಳಗಾಗಿ ಹಾರಿಸುತ್ತಾರೆಯೇ ಎಂದು ನನ್ನ ಹೆಂಡತಿ ಕೇಳಿದಳು. ಹಾರಿಸಿದರೆ? ಎಂದ ಗೆಳೆಯ. ವಿಮಾನದವರಿಗೆ ಇದು ಸಂಪೂರ್ಣ ಉತ್ತರ. ಸದ್ದು ಅಳೆಯಲು ಉಪಕರಣವಿರಲಿಲ್ಲ. ಗೆಳೆಯ ಪಂಪಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಸಂಗೀತ ಕಚೇರಿಯ ಮುಂದಿನ ಸಾಲಿನವರಂತೆ ಕುಳಿತ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, "ಓಡಾಕತ್ತಿಲ್ಲಲ್ಲ?" ಎಂದ. ಓಡುತ್ತಿತ್ತು. ಅಷ್ಟು ಮೌನ.

ಮನೆಯಲ್ಲಿ ಹಸಿರು ಚೀಟಿಗೆ ಪಂಪು ಪಾತ್ರವಾಯಿತು. ಇನ್ನು ಮಾರುಕಟ್ಟೆ.

ಕಾಲೇಜ್ ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರುವ ಒಂದು ದೊಡ್ಡ ಅಂಗಡಿ. ಮಾಲೀಕ ಮರಾಠಿ ಮಾತಾಡುವ ತರುಣ, ಬಹಳ ಸಂಭಾವಿತ. ನಮ್ಮಿಬ್ಬರನ್ನು ಕೂಡಿಸಿ ಚಹಾ ತರಿಸಿದ. ನಾನು ಪಂಪನ್ನು ಅವನ ಕೈಗಿಟ್ಟು ಗಂಭೀರವಾಗಿ ಕೇಳಿದೆ: "ಹೇಗಿದೆ?"

"ಏಕ್‌ದಮ್ ಭಾರೀ, ಕಾಕಾ!"

ಅವನಾಗಿಯೇ ಅದನ್ನು ಗಾಜಿನ ಪಾರ್ಶ್ವವಿದ್ದ ಒಂದು ಪೆಟ್ಟಿಗೆಯಲ್ಲಿ ಕೂಡಿಸಿ, ನೀಲಿ ನೀರು ತುಂಬಿ, ಅಂಗಡಿಯ ಮುಂದೆ ಓಡಲು ಬಿಟ್ಟ. ಕೆಲವು ದಿನ ಇರಲಿ, ಜನ ನೋಡಲಿ ಎಂದ. ನಮ್ಮ ಹತ್ತಿರ ಇನ್ನೊಂದು ಮಾದರಿ ಇತ್ತು. ಅದನ್ನು ಹಿಡಿದು ಮುಂದೆ ಹೊರಟೆವು. ದೇವಳಾಲಿ ಕ್ಯಾಂಪಿನಲ್ಲಿ ಸೈನಿಕರ ಮನೆಗಳ ಕಂಪ್ಯೂಟರ್ ರಿಪೇರಿ ಮಾಡುವ ಅಂಗಡಿಯವನು ಪಂಪನ್ನು ಹಣೆಗೆ ಒತ್ತಿಕೊಂಡು ಬಹಳ ಚೆಂದ ಅಂದ. ಯುದ್ಧದ ಆಟ ಆಡಿಸುವ ಒಂದು ಕೇಂದ್ರಕ್ಕೆ ಹೋದೆವು. ಅಲ್ಲಿ ಕತ್ತಲಲ್ಲಿ ಕುಳಿತ ಹುಡುಗರು ಕಿವಿಯ ಮುಚ್ಚಳ ತೆಗೆಯದೆ ಹೆಬ್ಬೆರಳು ಎತ್ತಿ ತೋರಿಸಿದರು. ಹೋದಲ್ಲೆಲ್ಲ ಹೆಬ್ಬೆರಳು, ಚಹಾ, ಮತ್ತು "ಹೇ ಇಂಡಿಯಾತ್ ಬನ್ಲಂ?" ಎಂಬ ಆಶ್ಚರ್ಯ. ನಮ್ಮ ದೇಶದಲ್ಲೇ ಮಾಡಿದ್ದೇ ಎಂದು ಕೇಳುವಾಗ ಅವರ ಕಣ್ಣು ಅರಳುತ್ತಿದ್ದವು. ನಮ್ಮ ಎದೆಯೂ ಯಥಾಶಕ್ತಿ ಉಬ್ಬುತ್ತಿತ್ತು.

ಒಂದೇ ಒಂದು ಕಡೆ ನಮಗೆ ಸರಿಯಾದ ಮರ್ಯಾದೆ ಸಿಗಲಿಲ್ಲ. ಗಂಗಾಪುರ ರಸ್ತೆಯಲ್ಲಿ ಎರಡು ಕೋಣೆ ಹಿಡಿದು ಜಾಹೀರಾತಿನ ಗೊಂಬೆ ಚಿತ್ರ ಮಾಡುತ್ತಿದ್ದ ಒಬ್ಬಳು ತರುಣಿ. ಅವಳ ಕೋಣೆ ಡಿಸೆಂಬರಿನಲ್ಲೂ ಇಡ್ಲಿ ಪಾತ್ರೆಯ ಒಳಗಿನಂತಿತ್ತು. ಪಂಪನ್ನು ಕೈಯಲ್ಲಿ ಸರಿಯಾಗಿ ತಿರುಗಿಸಿ ಸಹ ನೋಡಲಿಲ್ಲ. "ಎಷ್ಟು? ಯಾವಾಗ ಸಿಗುತ್ತೆ? ಕೆಟ್ಟರೆ ಯಾರಿಗೆ ಫೋನ್ ಮಾಡಲಿ?" ಎಂದು ಹಿಂದಿಯಲ್ಲಿ ಒಂದೇ ಉಸಿರಿಗೆ ಕೇಳಿದಳು.

ಹೊರಗೆ ಬಂದ ಮೇಲೆ ಗೆಳೆಯ ಬೇಸರದಿಂದ ಹೇಳಿದ: "ಪ್ರೆಷರ್ ಬಗ್ಗೆ ಒಂದ ಮಾತು ಕೇಳಲಿಲ್ಲ ನೋಡ್ರಿ."

"ವಸ್ತುವಿನ ಬಗ್ಗೆ ಆಸಕ್ತಿ ಇಲ್ಲ," ಎಂದೆ ನಾನು. ಅಭಿಪ್ರಾಯ ಕೊಡದವರನ್ನು ಲೆಕ್ಕಕ್ಕೆ ಹಿಡಿಯುವುದು ನಿಯಮವಲ್ಲ. ಅವಳನ್ನು ಕೈಬಿಟ್ಟೆವು.

ಭೋಗಿಯ ದಿನ ಸಂಜೆ ಶೇಂದ್ರಾಕ್ಕೆ ಫೋನ್ ಹಚ್ಚಿ ಸಮಿತಿಯ ನಿರ್ಣಯವನ್ನು ಓದಿ ಹೇಳಿದೆ. ಅಡುಗೆಮನೆಯಲ್ಲಿ ಸಜ್ಜಿರೊಟ್ಟಿ ಬಡಿಯುವ ಸಪ್ಪಳ ನಡೆದಿತ್ತು. ಅದನ್ನೂ ಮೀರಿಸುವ ಕಂಠದಲ್ಲಿ, ನಾಶಿಕ ನಗರ ಹಾಗೂ ದೇವಳಾಲಿ ಪರಿಸರದಲ್ಲಿ ಕೇಳಿದವರೆಲ್ಲರೂ ಒಕ್ಕೊರಲಿನಿಂದ ಮೆಚ್ಚಿದ್ದಾರೆ, ಒಬ್ಬರೂ ಕೊರತೆ ಹೇಳಲಿಲ್ಲ, ಪಂಪು ಪಾಸಾಗಿದೆ ಎಂದು ಸಾರಿದೆ. ಆ ಕಡೆಯಿಂದ ಮೈದುನನ ದನಿ ಒದ್ದೆಯಾಗಿ ಕೇಳಿತು.

"ಖರೇನಾ ಮಾಮಾ? ಹಂಗಾದ್ರ ನಾಳೆನ ಜಾಲನಾಕ್ಕ ಹೋಗಿ ಮುಗಿಸಿಬಿಡ್ತೀನಿ."

ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. "ಎಲ್ಲಾ ಸರಿ ನೋಡೀರೇನ್ರಿ?" ಎಂದಳು. ನಾನು ಅವಳಿಗೆ ತಪಾಸಣೆ ವಿಭಾಗದಲ್ಲಿ ಕಳೆದ ನನ್ನ ಇಡೀ ಸೇವೆಯ ಕಡೆ ಗಮನ ಸೆಳೆದೆ. ಅವಳು ರೊಟ್ಟಿಗೆ ಮರಳಿದಳು. ಆಮೇಲೆ ಬಡಿಯುವ ಸಪ್ಪಳ ಸ್ವಲ್ಪ ಜೋರಾಗಿಯೇ ಕೇಳಿತು.

ಮಾರನೆಯ ದಿನ ಸಂಕ್ರಾಂತಿ. ಎಳ್ಳುಂಡೆ ಹಂಚಿ ಬರೋಣ, ಹಾಗೇ ನಮ್ಮ ಪಂಪನ್ನೂ ತಗೊಂಡು ಬರೋಣ ಎಂದು ಗೆಳೆಯನೂ ನಾನೂ ಬೆಳಗ್ಗೆ ಕಾಲೇಜ್ ರೋಡಿಗೆ ಹೋದೆವು. ಅಂಗಡಿಯ ಮುಂದೆ ಜನ ಗುಂಪುಗೂಡಿತ್ತು. ಎಲ್ಲರೂ ಗಾಜಿನ ಪೆಟ್ಟಿಗೆಯಲ್ಲಿ ನೀಲಿ ನೀರು ಸುತ್ತುವುದನ್ನೇ ನೋಡುತ್ತಿದ್ದರು. ಒಬ್ಬ ತಾಯಿ ಕೂಸನ್ನು ಎತ್ತಿ ಹಿಡಿದು ತೋರಿಸುತ್ತ ತುತ್ತು ಉಣಿಸುತ್ತಿದ್ದಳು. ನಾನು ಗೆಳೆಯನ ಕಡೆ ನೋಡಿದೆ, ಗೆಳೆಯ ನನ್ನ ಕಡೆ ನೋಡಿದ. ಮಾರುಕಟ್ಟೆ ಎಂದರೆ ಇದು.

ಅಂಗಡಿಯ ತರುಣ ನಮ್ಮನ್ನು ಕಂಡದ್ದೇ ಓಡಿಬಂದು ಎಳ್ಳುಂಡೆ ಇಸಿದುಕೊಂಡು, ಕಾಲಿಗೆ ನಮಸ್ಕರಿಸಿ, ಆಮೇಲೆ ಎರಡೂ ಕೈ ಜೋಡಿಸಿದ.

"ಕಾಕಾ, ದಯವಿಟ್ಟು ಇದನ್ನು ಒಯ್ಯಿರಿ."

"ಯಾಕಪ್ಪಾ? ಕೆಟ್ಟಿತೇ?"

"ಕೆಟ್ಟಿದ್ದರೆ ಚೆನ್ನಾಗಿತ್ತು. ದಿನಾ ಇದೇ ಜಾತ್ರೆ. ನಿಂತು ನೋಡ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಕೊಳ್ಳೋಕೆ ಬಂದವರಿಗೆ ಒಳಗೆ ಬರೋಕೆ ದಾರಿ ಇಲ್ಲ. ಈ ಪಂಪು ಬಂದಾಗಿನಿಂದ ನನ್ನ ಅಂಗಡಿಯಲ್ಲಿ ಒಂದು ಮೌಸ್ ಮಾರಿಲ್ಲ."

ಆಗ, ಜೀವನದಲ್ಲಿ ಮೊದಲ ಸಲ, ಆ ಪ್ರಶ್ನೆ ನನ್ನ ಬಾಯಿಂದ ಹೊರಬಿತ್ತು. "ಮತ್ತೆ ನೀನು ಎಷ್ಟು ತಗೋತೀ?"

"ನಾನಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನನಗ್ಯಾಕೆ ಕಾಕಾ? ನಾಶಿಕದಲ್ಲಿ ನೀರು ಹಾಕಿಸಿಕೊಳ್ಳೋ ಕಂಪ್ಯೂಟರ್ ಎಷ್ಟಿವೆ? ವರ್ಷಕ್ಕೆ ಒಬ್ಬರೋ ಇಬ್ಬರೋ ಹುಚ್ಚರು ಬರ್ತಾರೆ. ಅವರಿಗೂ ಹೊರದೇಶದ ಹೆಸರೇ ಬೇಕು."

"ಭಾರೀ ಇದೆ ಅಂದೆಯಲ್ಲ!"

"ಭಾರೀನೇ ಇದೆ. ನೀವು ಹೇಗಿದೆ ಅಂತ ಕೇಳಿದ್ರಿ, ಹೇಳಿದೆ. ಬೇಕಾ ಅಂತ ಕೇಳಲೇ ಇಲ್ಲ."

ಗಾಳಿಪಟದ ಹುಡುಗರು ರಸ್ತೆಯಲ್ಲಿ ಕೂಗುತ್ತಿದ್ದರು. ನಾವಿಬ್ಬರು ಅಂಗಡಿಯ ಮೆಟ್ಟಿಲ ಮೇಲೆ ಪಂಪನ್ನು ನಡುವೆ ಇಟ್ಟುಕೊಂಡು ಕುಳಿತೆವು.

ಕೇಳಿರಲಿಲ್ಲ. ಅಂಗಡಿಯಲ್ಲಿ ಕೇಳಿರಲಿಲ್ಲ, ಕ್ಯಾಂಪಿನಲ್ಲಿ ಕೇಳಿರಲಿಲ್ಲ, ಕತ್ತಲ ಕೋಣೆಯ ಹುಡುಗರನ್ನೂ ಕೇಳಿರಲಿಲ್ಲ. ಓದುಗರು ನಗಬಹುದು, ನಮ್ಮ ಜಾಗದಲ್ಲಿ ನಿಂತು ನೋಡಬೇಕು. ನಾವು ಹೊಟ್ಟೆ ಹೊರೆದ ಕಾರ್ಖಾನೆಯಲ್ಲಿ ವಿಮಾನ ಮಾಡಿ ಮುಗಿಸಿ, ಹಾರ ಹಾಕಿ, ಗಿರಾಕಿ ಬರುತ್ತಾನೋ ಇಲ್ಲವೋ ಎಂದು ಯಾರೂ ಬಾಗಿಲಲ್ಲಿ ನಿಂತು ಕಾದದ್ದಿಲ್ಲ. ಗಿರಾಕಿ ಒಬ್ಬನೇ, ಮೊದಲೇ ನಿಶ್ಚಯವಾದವನು. ವಾಯುಪಡೆಯ ನೀಲಿ ಸಮವಸ್ತ್ರದಲ್ಲಿ ಬರುತ್ತಿದ್ದ, ಹತ್ತುತ್ತಿದ್ದ, ಹಾರಿಸಿಕೊಂಡು ಹೋಗುತ್ತಿದ್ದ. ವಸ್ತು ಚೆನ್ನಾಗಿದೆಯೇ ಎಂಬುದೊಂದೇ ಅಲ್ಲಿ ಪ್ರಶ್ನೆ. ಚೆನ್ನಾಗಿದ್ದರೆ ಅದು ಹೋದ ಹಾಗೆಯೇ. ಬೇಡಿಕೆ ಎಂಬ ಶಬ್ದ ನಮಗೆ ಗೊತ್ತಿದ್ದದ್ದು ಯೂನಿಯನ್ನಿನವರ ಬಾಯಿಂದ ಮಾತ್ರ. ಇಬ್ಬರು ನರೆಗೂದಲಿನವರು ಬಾಗಿಲಿಗೆ ಬಂದು, ಕೈಯಲ್ಲಿ ಒಂದು ವಸ್ತು ಇಟ್ಟು, ಹೇಗಿದೆ ಎಂದು ಕೇಳಿದರೆ ಯಾವ ಸಂಸ್ಕಾರವಂತನು ಚೆನ್ನಾಗಿಲ್ಲ ಅಂದಾನು? ನಾವು ಅಳೆದು ತಂದದ್ದು ನಾಶಿಕದ ಜನರ ಸೌಜನ್ಯವನ್ನು. ಅದು ನಿಜಕ್ಕೂ ಭಾರೀ ಇತ್ತು.

"ನಮ್ಮನ್ನ ಖರೇ ಗಿರಾಕಿ ಹಂಗ ಒಬ್ಬಾಕಿನ ಕೇಳಿದ್ಲು," ಎಂದೆ. "ಎಷ್ಟು, ಯಾವಾಗ ಅಂತ. ಆಕಿನ್ನ ನಾವು ಫೇಲ್ ಮಾಡೀವಿ."

ಗೆಳೆಯ ಕನ್ನಡಕ ತೆಗೆದು ಒರೆಸಿದ. "ಮಾರಾಟ ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಬಿಡ್ರಿ," ಎಂದ. ಅದರಲ್ಲಿ ಅವನಿಗೆ ಸಿಕ್ಕ ಸಮಾಧಾನ ನನಗೆ ಸಿಗಲಿಲ್ಲ. ಜಾಲನಾಕ್ಕೆ ಹೋಗುವವನು ಅವನ ಮೈದುನನಲ್ಲ.

ಫೋನ್ ಹಚ್ಚಿದೆ. ಬಂದ್. ಇದು ಅವನ ಹಳೆಯ ಪದ್ಧತಿ: ಮನಸ್ಸಿಗೆ ಒಗ್ಗದ ಕೆಲಸಕ್ಕೆ ಹೊರಟಾಗ ಫೋನ್ ಬಂದ್ ಮಾಡುತ್ತಾನೆ, ಯಾರಾದರೂ ತಡೆದಾರು ಎಂದು. ಅವನ ಹೆಂಡತಿ ಮಗಳನ್ನು ಕರಕೊಂಡು ತವರಿಗೆ ಹೋಗಿದ್ದಳು. ಶೆಡ್ಡಿಗೆ ಹಬ್ಬದ ರಜೆ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಎಳ್ಳುಂಡೆಯ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. "ನಡೀರಿ. ನಿಮ್ಮ ಹಸಿರ ಚೀಟಿ ನೀವ ಹರೀಬೇಕು."

ಬಸ್ಸು ನಿಫಾಡ ದಾಟುವವರೆಗೆ ಚೆನ್ನಾಗಿಯೇ ಓಡಿತು. ಯೇವಲಾದಲ್ಲಿ ನಿಂತಿತು. ಸಂಕ್ರಾಂತಿಯ ದಿನ ಯೇವಲಾದ ಜನ ನೆಲದ ಮೇಲೆ ಇರುವುದಿಲ್ಲ. ಮನೆಮಾಳಿಗೆಗಳ ಮೇಲೆ ನಿಂತು, ಡೋಲು ಬಾರಿಸುತ್ತ, ಒಬ್ಬರ ಗಾಳಿಪಟ ಒಬ್ಬರು ಕಡಿಯುತ್ತಾರೆ. ಕಡಿದ ಪಟದ ಹಿಂದೆ ಓಡಿದ ಜನ ರಸ್ತೆಯನ್ನು ತುಂಬಿಕೊಂಡಿದ್ದರು. ನಮ್ಮ ಡ್ರೈವರ್ ಹಾರ್ನ್ ಹೊಡೆಯುವುದನ್ನು ಬಿಟ್ಟು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಂಪು ಪಟದ ಪಕ್ಷ ವಹಿಸಿದ್ದ.

"ಹೋಗಬೇಕ್ರಿ," ಎಂದೆ ಕಂಡಕ್ಟರನಿಗೆ, ನನ್ನ ಮರಾಠಿಯಲ್ಲಿ. "ಅರ್ಜೆಂಟ್ ಅದ."

"ಆಸ್ಪತ್ರೆಗಾ?"

"ಪಂಪಿನ ಕೆಲಸ."

ಅವನು ನನ್ನ ಕಡೆ ಕನಿಕರದಿಂದ ನೋಡಿ, ಮತ್ತೆ ಆಕಾಶದ ಕಡೆ ತಿರುಗಿದ. ಹೆಂಡತಿ ಪಕ್ಕದಲ್ಲಿ ಬಾಯಿಯೊಳಗೇ ರಾಯರ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ನಡುವೆ ನಿಲ್ಲಿಸಿ ಒಂದೇ ಮಾತು ಕೇಳಿದಳು: "ಇಷ್ಟೊತ್ತಿಗೆ ಹೇಳಿರ್ತಾನಲ್ಲ?" ಹೇಳಿರುತ್ತಾನೆ. ಅವನು ಬೆಳಗ್ಗೆಯೇ ಹೊರಡುವವನು. ನಾನು ತಲೆ ಅಲ್ಲಾಡಿಸಿದೆ, ಹೂಂ ಎಂದೋ ಇಲ್ಲ ಎಂದೋ ತಿಳಿಯದ ಹಾಗೆ. ಯಾರೋ ಬಸ್ಸಿಗೆ ಹೇರಿದ ಪೆಟ್ಟಿಗೆಯಂತೆ ಕುಳಿತಿದ್ದೆ. ಆ ತಂತಿ ಸುತ್ತುವ ಹೆಂಗಸರ ಪೈಕಿ ಒಬ್ಬಳು ಪ್ರತಿ ಸಲ ಹೋದಾಗ ನನಗೆ ಚಹಾದಲ್ಲಿ ಸಕ್ಕರೆ ಕಮ್ಮಿ ಎಂದು ನೆನಪಿಟ್ಟು ಮಾಡಿಕೊಡುತ್ತಿದ್ದಳು. ಬಸ್ಸು ವೈಜಾಪುರ ದಾಟುವವರೆಗೆ ಆ ಚಹಾವೇ ನೆನಪಾಗುತ್ತಿತ್ತು.

ಊರು ಮುಟ್ಟಿ, ರಿಕ್ಷಾ ಹಿಡಿದು, ಶೇಂದ್ರಾ ತಲುಪಿದಾಗ ಬಿಸಿಲು ಇಳಿದಿತ್ತು. ಶೆಡ್ಡಿನ ಶಟರ್ ಅರ್ಧ ಎತ್ತಿತ್ತು. ಒಳಗೆ ಮೈದುನ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೂಲರ್ ಪಂಪಿನ ರಟ್ಟಿನ ಪೆಟ್ಟಿಗೆಯ ಮೇಲೆ, ಸೋತ ಅಭ್ಯರ್ಥಿಯ ಹಾಗೆ ಕುಳಿತಿದ್ದ. ನಮ್ಮನ್ನು ಕಂಡು ಗಡಬಡಿಸಿ ಎದ್ದ. ನಾನು ಬಾಯಿ ತೆರೆಯುವ ಮೊದಲೇ ಬಂದು ಕಾಲು ಹಿಡಿದ.

"ಮಾಮಾ, ನನ್ನ ಕ್ಷಮಾ ಮಾಡ್ರಿ. ನಿಮ್ಮ ಶ್ರಮ ಎಲ್ಲಾ ನೀರಿನಾಗ ಹಾಕಿದೆ."

"ಏನಾತೋ?" ಎಂದಳು ಅವನ ಅಕ್ಕ.

"ಒಲ್ಲೆ ಅನ್ನಾಕನ ಹೋಗಿದ್ದೆ, ಅಕ್ಕಾ. ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡೀನಿ. ಚಪ್ಪಲಿ ಬಿಡೂದರಾಗ ಶೇಟ್‌ಜಿ ಅವರ ತಾಯಿ ಬಂದ್ರು. ನಡಿಯಾಕ ಬರೂದಿಲ್ಲ ಅವರಿಗೆ, ಗೋಡೆ ಹಿಡಕೊಂಡು ಬಂದ್ರು. ಅಂಗೈಯಾಗ ಎಳ್ಳುಂಡೆ ಇಟ್ಟು, ಸಿಹಿ ಮಾತಾಡಪಾ ಅಂದ್ರು. ಕೈಯಾಗ ಎಳ್ಳುಂಡೆ ಹಿಡಕೊಂಡು ಒಲ್ಲೆ ಅನ್ನೂದು ಹೆಂಗ?"

"ಮತ್ತ?"

"ತಿಂದೆ."

"ತಿಂದ ಮ್ಯಾಲೆ?"

"ಇನ್ನೊಂದು ಕೊಟ್ರು. ಅಷ್ಟರಾಗ ಶೇಟ್‌ಜಿ ಬಂದು, ಈ ಸಲ ಬ್ಯಾಸಿಗಿ ಜೋರ ಅಂತಾರ, ಹೋದ ವರ್ಷಕ್ಕಿಂತ ಜಾಸ್ತಿ ಬೇಕು ಅಂದ್ರು. ನನ್ನ ಬಾಯಾಗ ಎಳ್ಳುಂಡಿ. ಹೂಂ ಅಂದ್ಬಿಟ್ಟೆ."

ಅವನು ತಲೆ ತಗ್ಗಿಸಿದ. "ಇಡೀ ನಾಶಿಕ ಪಂಪಿಗಾಗಿ ಕಾಯಾಕತ್ತೇತಿ, ನಾನು ಇಲ್ಲಿ ಹುಲ್ಲಿನ ಪರದೆಕ ನೀರು ಎತ್ತಾಕ ಒಪ್ಪಿ ಬಂದೀನಿ. ಬೈರಿ ಮಾಮಾ. ಬೈಸ್ಕೋಳಾಕ ಕೂತೀನಿ."

ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತೆ. ಅಜ್ಜಿಯೊಬ್ಬಳು ಗೋಡೆ ಹಿಡಿದುಕೊಂಡು ಬಂದು ಒಂದು ಸಂಸಾರವನ್ನು ಎತ್ತಿ ದಡಕ್ಕಿಟ್ಟಿದ್ದಳು. ಎಲ್ಲವೂ ಸರಿಯಾಗಿತ್ತು. ಅಷ್ಟೇ ಅಲ್ಲ, ಅವನು ನನ್ನ ಕಾಲು ಹಿಡಿದಿದ್ದ. ಈ ಎರಡನೆಯ ಸಂಗತಿಯನ್ನು ಎಷ್ಟು ಹೊತ್ತು ಹಾಗೇ ಇಡಬಹುದು ಎಂದು ನಾನು ಯೋಚಿಸಿದ್ದು ಸುಳ್ಳಲ್ಲ. ಕೈ ತಾನಾಗಿಯೇ ಮೇಲೆದ್ದು ಅವನ ತಲೆಯ ಮೇಲೆ ಕುಳಿತಿತು.

"ಆಗಲಿ ಬಿಡು," ಎಂದೆ ಉದಾರವಾಗಿ. "ಮನುಷ್ಯಾ ಅಂದ ಮ್ಯಾಲೆ—"

"ಹೇಳ್ರಿ," ಎಂದಳು ನನ್ನ ಹೆಂಡತಿ.

"ಹೇಳಾಕತ್ತೀನಲ್ಲ."

"ಅದಲ್ಲ. ಖರೇದ್ದು ಹೇಳ್ರಿ."

ಹೇಳಿದೆ. ಗಾಜಿನ ಪೆಟ್ಟಿಗೆ, ತುತ್ತು ಉಣ್ಣುವ ಕೂಸು, ಮಾರದೆ ಉಳಿದ ಮೌಸ್ ಎಲ್ಲವನ್ನೂ ಹೇಳಿದೆ. ಮೈದುನ ಬಾಯಿ ತೆರೆದು ಕೇಳಿದ. ಮೊದಲು ಅವನ ಮುಖ ಬಿಳಿಚಿತು. ತಾನು ಇಂದು ಬೆಳಗ್ಗೆ ಏನು ಮಾಡಲು ಹೊರಟಿದ್ದೆ ಎಂಬುದು ಆಗ ಅವನಿಗೆ ತಿಳಿಯಿತು. ಮುಖಕ್ಕೆ ನಿಧಾನವಾಗಿ ರಕ್ತ ಬಂತು. ಆಮೇಲೆ ರೊಕ್ಕದ ಕೊರತೆಯಿದ್ದಾಗಲೂ ನನ್ನೆದುರು ದನಿ ಎತ್ತದವನು ದನಿ ಎತ್ತಿದ.

"ಒಬ್ಬರೂ ತಗೋಳೂದಿಲ್ಲಾ? ಒಬ್ಬರೂ?"

"ಒಬ್ಬಾಕಿ ತಗೋತಾಳ. ಆದ್ರ ಆಕಿನ್ನ ನಾವು ರಿಜೆಕ್ಟ್ ಮಾಡಿದ್ವಿ."

ಅವನು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆ ಮೇಲೆ ಅವನಿಗೂ ತಡೆಯಲಾಗಲಿಲ್ಲ. ತಗಡಿನ ಶೆಡ್ಡಿನಲ್ಲಿ ನಗು ಎರಡು ಪಟ್ಟು ಕೇಳಿಸುತ್ತದೆ. ಪಕ್ಕದ ಶೆಡ್ಡಿನ ಕಾವಲುಗಾರ ಬಂದು ಬಗ್ಗಿ ಇಣುಕಿ, ಹಬ್ಬದ ದಿನ ಹೀಗೂ ಇರುತ್ತಾರೆ ಎಂದುಕೊಂಡು ಹೋದ.

ಹೊಸ ಪಂಪನ್ನು ಕೊಂದರು ಎಂದು ಯಾರೂ ತಿಳಿಯಬಾರದು. ಗಂಗಾಪುರ ರಸ್ತೆಯ ತರುಣಿಯ ಹತ್ತಿರ ಮರುವಾರ ನಾನೇ ಹೋದೆ, ಈ ಸಲ ಗೆಳೆಯನನ್ನು ಬಿಟ್ಟು. ಅವಳ ಮೂರು ಪ್ರಶ್ನೆಗಳಿಗೂ ಉತ್ತರ ಒಯ್ದಿದ್ದೆ. ಪಂಪು ತಗೊಂಡಳು, ತನ್ನಂಥವರೇ ಇನ್ನೂ ಒಂದಿಬ್ಬರು ಪುಣೆಯಲ್ಲಿದ್ದಾರೆ ಎಂದು ಹೇಳಿದಳು. ವೇರೂಳ್, ಅಂದರೆ ಎಲ್ಲೋರಾ, ದಾರಿಯ ಒಂದು ಹೋಟೆಲಿನವರು ಸ್ವಾಗತದ ಮೇಜಿನ ಮೇಲೆ ಸದ್ದಿಲ್ಲದ ಕಾರಂಜಿ ಬೇಕೆಂದು ಎರಡು ಒಯ್ದರು. ಗುಹೆ ನೋಡಿ ಬಂದ ಪ್ರವಾಸಿಗಳು ಅದನ್ನೂ ಮುಟ್ಟಿ ನೋಡುತ್ತಿದ್ದರಂತೆ. ಶೆಡ್ಡಿನ ಮೂಲೆಯಲ್ಲಿ ಒಂದು ಮೇಜು ಆ ಪಂಪಿನದಾಯಿತು. ಕೇಳಿದವರಿಗೆ ಮಾಡಿಕೊಡುವುದು, ಕೇಳದಿದ್ದರೆ ಮೇಜು ಒರೆಸಿಡುವುದು. ಹೈಡ್ರಾಲಿಕ್ಸ್ ಗೆಳೆಯನಿಗೆ ಮಾತ್ರ ಇದು ಅವಮಾನವೆನಿಸಿತು. ತಲೆಕೆಳಗಾಗಿ ಓಡಬಲ್ಲ ಪಂಪು ಕಾರಂಜಿಗೆ ಹೋಗುವುದೇ ಎಂದು ಬಹಳ ದಿನ ಮುಖ ಸಣ್ಣದು ಮಾಡಿಕೊಂಡಿದ್ದ.

ಮಾರ್ಚಿನಲ್ಲಿ ನಾವು ಮತ್ತೆ ಶೇಂದ್ರಾಕ್ಕೆ ಹೋದೆವು. ಬಿಸಿಲು ಶೇಟ್‌ಜಿ ಹೇಳಿದಂತೆಯೇ ಬಂದಿತ್ತು. ಶೆಡ್ಡಿನೊಳಗೆ ಗೋಡೆಯುದ್ದಕ್ಕೆ ಪೆಟ್ಟಿಗೆ, ನಡುವೆ ಅರ್ಧ ಕತ್ತರಿಸಿದ ಡ್ರಮ್ಮಿನ ನೀರಲ್ಲಿ ತಪಾಸಣೆಗೆ ಬಿಟ್ಟ ಕೂಲರ್ ಪಂಪುಗಳು ಒಟ್ಟಿಗೆ ಗುರುಗುಟ್ಟುತ್ತಿದ್ದವು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಜಾಲನಾದ ಟೆಂಪೋ ಹೊರಗೆ ಬಂದು ನಿಂತಿತ್ತು, ಹೆಂಗಸರು ಸಾಲಾಗಿ ಪೆಟ್ಟಿಗೆ ದಾಟಿಸುತ್ತಿದ್ದರು. ಮೈದುನ ಕಾಣಲಿಲ್ಲ. ನನ್ನ ಹೆಂಡತಿ ಕೂಗಲು ಬಾಯಿ ತೆರೆದಳು. ತಂತಿ ಸುತ್ತುವ ಒಬ್ಬಳು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು: ಪೆಟ್ಟಿಗೆಗಳ ಹಿಂದೆ, ರಟ್ಟು ಹಾಸಿಕೊಂಡು, ತೋಳನ್ನು ಕಣ್ಣಿಗೆ ಅಡ್ಡ ಇಟ್ಟು ಅವನು ನಿದ್ದೆ ಹೋಗಿದ್ದ. ದೀಪಾವಳಿಯಿಂದ ಅವನ ಕಣ್ಣ ಕೆಳಗೆ ಇದ್ದ ಕಪ್ಪು ಇಲ್ಲವಾಗಿತ್ತು. ಅಷ್ಟು ಪಂಪುಗಳ ಗದ್ದಲದ ನಡುವೆ ಆ ಹೆಂಗಸರು, ಅವನಿಗೆ ಎಚ್ಚರವಾದೀತೆಂದು, ಬರಿಗಾಲಲ್ಲಿ ಓಡಾಡುತ್ತಿದ್ದರು. ನಾನೂ ಚಪ್ಪಲಿ ಹೊರಗೆ ಬಿಟ್ಟು ಬಂದು ಒಂದು ಪೆಟ್ಟಿಗೆ ಎತ್ತಿಕೊಂಡೆ.